ಮೂರು ಭಾನುವಾರ, ಮೂರು ಪಂಚರ್

ಮೈಸೂರಿಂದ ಶ್ರೀರಂಗಪಟ್ಟಣ ಸುಮಾರು 15 ಕಿಲೋಮೀಟರ್, ಅಲ್ಲಿಂದ ಕರಿಘಟ್ಟದ ಬುಡದ ಕುರುಚಲು ಕಾಡು, ಲೋಕಪಾವನಿ ಹೊಳೆ ಪಕ್ಕ, ಆಮೇಲೆ ಗದ್ದೆ ಮಧ್ಯೆ ನಾಲೆ ಏರಿ ಮೇಲೆ ಆರಾಮಾಗಿ ಸೈಕಲ್ ತುಳ್ಕೊಂಡ್ ಹೋಗೋದು, ಇದೇ ನನ್ ಭಾನುವಾರದ ರೂಟು. ರೇಸು ಗೀಸು ಏನಿಲ್ಲ, ಎಳನೀರು ಕಂಡಲ್ಲೆಲ್ಲ ಸ್ಟಾಪು.

ಆದ್ರೆ ಮೂರು ವಾರ ಸತತವಾಗಿ ಹಿಂದಿನ ಚಕ್ರ ಪಂಚರ್ರು. ಹೊಸ ಟ್ಯೂಬ್ ಹಾಕುದ್ರೂ ಅದೇ ಕಥೆ, ಕಳಪೆ ಮಾಲು ಅಂತ ಸುಮ್ನೆ ಬೈಕೊಂಡೆ. ಮೂರನೇ ಸಲ ಸೈಕಲ್ ತಳ್ಕೊಂಡ್ ಹೋದಾಗ ರಸ್ತೆ ಬದಿ ಪಂಚರ್ ಹಾಕೋ ಅಜ್ಜ ಕೇಳಿದ್ರು, 'ಹಳೇ ತೂತು ಎಲ್ಲಿತ್ತು ನೋಡಿದ್ರಾ ಸಾ?'

ನೋಡಿರ್ಲಿಲ್ಲ! ಬ್ಯಾಗಲ್ಲಿದ್ದ ಹಳೇ ಟ್ಯೂಬು ತೆಗ್ದು ವಾಲ್ವಿಂದ ಅಳ್ದು ನೋಡುದ್ರೆ ಅದ್ರಲ್ಲೂ ಈಗಿನ ಟ್ಯೂಬಲ್ಲೂ ತೂತು ಒಂದೇ ಜಾಗ. ಅಂದ್ರೆ ತಪ್ಪು ಟ್ಯೂಬಿಂದಲ್ಲ, ಟೈರಿಂದು. ಒಳಗೆ ಬೆರಳಾಡ್ಸಿದ್ರೆ ಏನೂ ಸಿಗ್ಲಿಲ್ಲ, ಅಜ್ಜ ಒಂಚೂರು ಹತ್ತಿ ತಗೊಂಡು ಉಜ್ಜಿದ್ರು, ಒಂದ್ಕಡೆ ಎಳೆ ಸಿಕ್ಕಾಕೊಳ್ತು. ಜಾಲಿ ಮುಳ್ಳಿನ ತುದಿ, ಅಕ್ಕಿಕಾಳಷ್ಟೂ ಇಲ್ಲ! ಹೊರಗಡೆ ಮುರ್ದೋಗಿತ್ತು, ಗಾಳಿ ತುಂಬಿ ನಾನು ಕೂತಾಗ ಮಾತ್ರ ಒಳಗೆ ಚುಚ್ತಿತ್ತು. ಇಕ್ಕಳದಲ್ಲಿ ಕಿತ್ತು ಎಸ್ದ್ವಿ.

ಪಕ್ಕಪಕ್ಕದಲ್ಲೇ ಎರಡು ತೂತಿದ್ರೆ ಮುಳ್ಳಲ್ಲ, ಗಾಳಿ ಕಮ್ಮಿಯಾಗಿ ಕಲ್ಲಿಗೆ ಬಡ್ದು ರಿಮ್ಮು ಟ್ಯೂಬನ್ನ ಕಚ್ಚಿರತ್ತೆ, ಅದಕ್ಕೆ ಟೈರ್ ಪಕ್ಕದಲ್ಲಿ ಬರ್ದಿರೋ ಕನಿಷ್ಠ ಲೆಕ್ಕಕ್ಕಿಂತ ಕಮ್ಮಿ ಗಾಳಿ ಇಡ್ಬೇಡಿ. ಈಗ ನನ್ ಬ್ಯಾಗಲ್ಲಿ ಹತ್ತಿ ಪರ್ಮನೆಂಟು.