ಬಿಪಿ ಜಾಸ್ತಿ ಬಂತಾ? ಬೆಳ್ಳುಳ್ಳಿ ಸುಲಿಯೋ ಮೊದಲು ಇದನ್ನು ಓದಿ

ಮೊನ್ನೆ ಅಮ್ಮ ಮಹಡಿ ಮೇಲೆ ಬಟ್ಟೆ ಒಣಹಾಕಿ ಇಳಿದು ಬಂದವಳೇ ಮಂಚದ ತುದಿಯಲ್ಲಿ ಕೂತು, ಕಾಲು ಇಳಿಬಿಟ್ಟುಕೊಂಡು, ಚಿಕ್ಕಮ್ಮನ ಹತ್ತಿರ ಫೋನಲ್ಲಿ ಮಾತಾಡುತ್ತಲೇ ಬಿಪಿ ನೋಡಿಕೊಂಡಳು. 158/94. ಗಾಬರಿಯಾದಳು. ಫೋನ್ ಕಿತ್ತಿಟ್ಟು, ಕುರ್ಚಿಯಲ್ಲಿ ಬೆನ್ನು ಒರಗಿಸಿ ಐದು ನಿಮಿಷ ಸುಮ್ನೆ ಕೂರಿಸಿದೆ. 136/84!

ಹಾಗಾಗಿ ಮೊದಲು ಅಳತೆ ಸರಿಯಾಗಲಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಪಾದ ನೆಲಕ್ಕೆ ಊರಿರಲಿ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ, ಪಟ್ಟಿ ಬರಿ ತೋಳಿಗೆ ಸುತ್ತಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬೆಳಗ್ಗೆ, ಸಂಜೆ ಹೀಗೆ ಒಂದು ವಾರ ಬರೆದಿಟ್ಟು, ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ತಲೆ ಸುತ್ತಿಲ್ಲ, ತಲೆನೋವಿಲ್ಲ ಅಂತ ಸುಮ್ಮನಿರಬೇಡಿ, ಬಹಳ ಜನಕ್ಕೆ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ್ದರಲ್ಲಿ ಉಪ್ಪು ಕಡಿಮೆ ಮಾಡುವುದು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡರೆ ಲೆಕ್ಕ ಅಲ್ಲಿಗೇ ಬಂತು, ಅಲ್ವಾ? ಸೈಂಧವ ಲವಣವೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ತರಹದ ಬಿಪಿ ಮಾತ್ರೆ ನುಂಗುವವರು ಕೇಳದೆ ತಿನ್ನಬಾರದು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಸ್ವಲ್ಪ ತೂಕ ಇಳಿಸುವುದು, ಕುಡಿತ ಬಿಡುವುದು, ಇವೂ ಕೆಲಸ ಮಾಡುತ್ತವೆ. ನಿಧಾನ ಉಸಿರಾಟದಿಂದಲೂ ಒಂದಿಷ್ಟು ಇಳಿಯಬಹುದು, ಆದರೆ ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ.

ಇನ್ನು ಗಿಡಮೂಲಿಕೆ. “ನಾಟಿ ಔಷಧಿ, ಸೈಡ್ ಎಫೆಕ್ಟ್ ಇಲ್ಲ” ಅನ್ನುವವರಿಗೆ ಸರ್ಪಗಂಧದ ಕಥೆ ಹೇಳಿ. ಅದರ ಬೇರು ಬಿಪಿ ಇಳಿಸುವುದು ನಿಜ. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಜಗತ್ತೇ ಆ ಬೇರಿನ ಹಿಂದೆ ಬಿತ್ತು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಸತ್ವ ಬೇರ್ಪಡಿಸಿ ಮಾತ್ರೆ ಮಾಡಿದರು. ಮೂಗು ಕಟ್ಟುವುದು, ಮಂಪರು, ಮನಸ್ಸು ಕುಗ್ಗುವುದು ಎಲ್ಲ ಜೊತೆಗೇ ಬಂತು, ಈಗ ಅದನ್ನು ಬರೆದುಕೊಡುವುದೇ ಅಪರೂಪ. ಕೆಮ್ಮಿಗೆ ಜಗಿಯುವ ಜೇಷ್ಠಮಧುವಂತೂ ಜಾಸ್ತಿ ತಿಂದರೆ ಬಿಪಿ ಏರಿಸುತ್ತದೆ. ಬೆಳ್ಳುಳ್ಳಿ ಅಡುಗೆಯಲ್ಲಿ ಎಷ್ಟು ಬೇಕಾದರೂ ಹಾಕಿ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ.

ಯಾವ ಕಷಾಯ, ಮೂಲಿಕೆ ತಗೊಂಡರೂ ಡಾಕ್ಟರಿಗೆ ಹೇಳಿ. ರೀಡಿಂಗ್ ಚೆನ್ನಾಗಿ ಬಂತು ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಚೆನ್ನಾಗಿ ಬಂದಿರುವುದು ಆ ಮಾತ್ರೆಯಿಂದಲೇ ಇರಬಹುದು. 180/120 ದಾಟಿ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಮಜ್ಜಿಗೆ, ನಿಂಬೆಹಣ್ಣು ಅಂತ ಕೂರದೆ 108ಕ್ಕೆ ಫೋನ್ ಮಾಡಿ.