ಹೊರಗಿನ ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್: ಯಾವ ಕಂಪ್ಯೂಟರ್‌ನಲ್ಲಾದರೂ ನಿಮ್ಮದೇ ವ್ಯವಸ್ಥೆ

ವಾರವಿಡೀ ಹಾಸನದಲ್ಲಿ ಕೆಲಸ ಮಾಡಿ ಶನಿವಾರ ಸಂಜೆ ಮೂಡಿಗೆರೆಯ ಬಸ್ಸು ಹತ್ತುವವರಿಗೆ ಒಂದೇ ಕಂಪ್ಯೂಟರ್ ಎಂಬುದಿರುವುದಿಲ್ಲ. ಕಚೇರಿಯದೊಂದು, ಬಾಡಿಗೆ ಕೋಣೆಯದೊಂದು, ತೋಟದ ಮನೆಯಲ್ಲಿ ಕಾಫಿ ಲೆಕ್ಕ ಬರೆಯುವ ಹಳೆಯದೊಂದು. ಪ್ರತಿಯೊಂದರಲ್ಲೂ ಬ್ರೌಸರ್, ಕಡತಗಳು, ಕನ್ನಡ ಕೀಲಿಮಣೆ ಇವನ್ನೆಲ್ಲ ಬೇರೆ ಬೇರೆಯಾಗಿ ಹೊಂದಿಸಿಕೊಳ್ಳುವ ಬದಲು, ಲಿನಕ್ಸ್ ಎಂಬ ಇಡೀ ಆಪರೇಟಿಂಗ್ ಸಿಸ್ಟಂ ಅನ್ನೇ ಒಂದು ಹೊರಗಿನ ಡ್ರೈವ್‌ನಲ್ಲಿ ಹಾಕಿಕೊಂಡು, ಸಿಕ್ಕ ಕಂಪ್ಯೂಟರ್‌ಗೆ ಅದನ್ನು ಜೋಡಿಸಿ, ಅದರಿಂದಲೇ ಬೂಟ್ ಮಾಡಿಕೊಳ್ಳಬಹುದು, ಅಂದರೆ ಕಂಪ್ಯೂಟರನ್ನು ಚಾಲೂ ಮಾಡಿಕೊಳ್ಳಬಹುದು. ಒಳಗಿನ ವಿಂಡೋಸ್ ತನ್ನ ಪಾಡಿಗೆ ತಾನಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ, ವಿಂಡೋಸ್ 11ಕ್ಕೆ ಏರಲಾರದ ಹಳೆಯ ಯಂತ್ರಗಳಿಗೂ ಇದೊಂದು ದಾರಿ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಪೆನ್‌ಡ್ರೈವ್‌ಗೆ ಐಎಸ್‌ಒ ಕಡತವನ್ನು (ವ್ಯವಸ್ಥೆಯ ಪೂರ್ತಿ ಪ್ರತಿ) ಬರೆದು ಬೂಟ್ ಮಾಡುವ ‘ಲೈವ್’ ವ್ಯವಸ್ಥೆ ಬೇರೆ, ಹೊರಗಿನ ಡ್ರೈವ್‌ಗೆ ಪೂರ್ಣವಾಗಿ ಇನ್‌ಸ್ಟಾಲ್ ಮಾಡಿದ ವ್ಯವಸ್ಥೆ ಬೇರೆ. ಲೈವ್ ವ್ಯವಸ್ಥೆಯಲ್ಲಿ ನೀವು ಮಾಡಿದ ಬದಲಾವಣೆಗಳು ಕಂಪ್ಯೂಟರ್ ಆರಿಸಿದೊಡನೆ ಅಳಿಸಿಹೋಗುತ್ತವೆ. ಪರ್ಸಿಸ್ಟೆನ್ಸ್ ಎಂಬ ಆಯ್ಕೆಯಿಂದ ಅವನ್ನು ಉಳಿಸಿಕೊಳ್ಳಬಹುದಾದರೂ, ಮೂಲ ವ್ಯವಸ್ಥೆಯು ಸಂಕುಚಿತ ಕಡತವಾಗಿ ಹಾಗೆಯೇ ಇದ್ದು ಅಪ್‌ಡೇಟ್‌ಗಳೆಲ್ಲ ಅದರ ಮೇಲೆ ಪದರವಾಗಿ ಕೂರುವುದರಿಂದ ಜಾಗ ಬೇಗನೆ ತುಂಬುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಬದಲಾಯಿಸುವುದು ಬಹುತೇಕ ವ್ಯವಸ್ಥೆಗಳಲ್ಲಿ ಸಲೀಸಲ್ಲ. ಆದ್ದರಿಂದ ಲೈವ್ ಪೆನ್‌ಡ್ರೈವ್ ಪರೀಕ್ಷೆಗೆ, ಕೆಟ್ಟ ಕಂಪ್ಯೂಟರ್‌ನಿಂದ ಕಡತ ಹೊರತೆಗೆಯುವುದಕ್ಕೆ ಇರಲಿ. ದಿನನಿತ್ಯದ ಕೆಲಸಕ್ಕೆ ಪೂರ್ಣ ಇನ್‌ಸ್ಟಾಲೇಶನ್ನೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮುಂದೆ ಹೇಳುವುದೆಲ್ಲ ಅದನ್ನು ಕುರಿತೇ.

ಡ್ರೈವ್‌ಗೆ ಹೆಚ್ಚು ಖರ್ಚಿಲ್ಲ. ಹಳೆಯ ಲ್ಯಾಪ್‌ಟಾಪ್‌ನಿಂದ ತೆಗೆದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಮನೆಯಲ್ಲಿದ್ದರೆ ಅದಕ್ಕೊಂದು ಯುಎಸ್‌ಬಿ 3.0 ಕೇಸಿಂಗ್ ಕೊಂಡರಾಯಿತು. 128 ಜಿಬಿ ಧಾರಾಳ ಸಾಕು. ಅಗ್ಗದ ಪೆನ್‌ಡ್ರೈವ್ ಬೇಡ. ಆಪರೇಟಿಂಗ್ ಸಿಸ್ಟಂ ಸಾವಿರಾರು ಸಣ್ಣ ಸಣ್ಣ ಬರಹಗಳನ್ನು ಅಲ್ಲಲ್ಲಿ ಬರೆಯುತ್ತಲೇ ಇರುತ್ತದೆ, ಪೆನ್‌ಡ್ರೈವ್‌ಗಳು ಸೋಲುವುದು ಅಲ್ಲಿಯೇ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಇನ್ನೊಂದು ತೊಡಕಿದೆ: ಯುಎಸ್‌ಬಿ 2.0 ಪೋರ್ಟ್ ಕೊಡುವ ವಿದ್ಯುತ್ತು 500 ಮಿಲಿ ಆಂಪಿಯರ್, 3.0 ಪೋರ್ಟ್ ಕೊಡುವುದು 900. ಹಳೆಯ ಯಂತ್ರದ ಪೋರ್ಟ್‌ನಲ್ಲಿ ಡಿಸ್ಕ್ ತಿರುಗಲು ಶುರುವಾಗುವಾಗಲೇ ಸೋತು ನಿಲ್ಲಬಹುದು. ಡೆಸ್ಕ್‌ಟಾಪ್ ಆಗಿದ್ದರೆ ಮುಂಭಾಗದ ಪೋರ್ಟ್ ಬಿಟ್ಟು ಮದರ್‌ಬೋರ್ಡ್‌ಗೆ ನೇರವಾಗಿ ಅಂಟಿರುವ ಹಿಂಭಾಗದ, ಸಾಮಾನ್ಯವಾಗಿ ನೀಲಿ ಬಣ್ಣದ ಪೋರ್ಟ್‌ಗೇ ಜೋಡಿಸಿ.

ವ್ಯವಸ್ಥೆಯ ಆಯ್ಕೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಮೂರೂ ಸೆಕ್ಯೂರ್ ಬೂಟ್ (ಸಹಿ ಪರೀಕ್ಷಿಸಿದ ವ್ಯವಸ್ಥೆಯನ್ನಷ್ಟೇ ಏಳಗೊಡುವ ಕಾವಲು) ಇರುವ ಯಂತ್ರಗಳಲ್ಲಿ ಏಳುತ್ತವೆ. ಐಎಸ್‌ಒ ಕಡತಗಳು ಕೆಲವು ಜಿಬಿಗಳಷ್ಟಿರುವುದರಿಂದ, ಬಣಕಲ್ ಆಚೆಗೆ ನೆಟ್‌ವರ್ಕ್ ಸಿಗದೆ ಒದ್ದಾಡುವ ಬದಲು ಪೇಟೆಯಲ್ಲಿಯೇ ಡೌನ್‌ಲೋಡ್ ಮುಗಿಸಿ, ಅಲ್ಲಿಯೇ ಎಸ್‌ಎಚ್‌ಎ 256 ಮೊತ್ತವನ್ನು (ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಗುರುತುಸಂಖ್ಯೆ) ತಾಳೆ ನೋಡಿಕೊಳ್ಳಿ. ವಿಂಡೋಸನ್ನೇ ಹೀಗೆ ಒಯ್ಯಬೇಕೆನ್ನುವವರಿಗೆ ಹಿಂದೆ ವಿಂಡೋಸ್ ಟು ಗೋ ಎಂಬ ಸೌಲಭ್ಯವಿತ್ತು, 2020ರ ವಿಂಡೋಸ್ 10 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಟ್ಯಾಲಿ ಎಂಬ ವಿಂಡೋಸ್ ಲೆಕ್ಕಪತ್ರ ತಂತ್ರಾಂಶವಿಲ್ಲದೆ ದಿನ ದೂಡಲಾಗದ ತೋಟದ ರೈಟರ್‌ಗೆ ಈ ಇಡೀ ವಿಧಾನ ಉಪಯೋಗವಿಲ್ಲ, ಅವರು ವಿಂಡೋಸ್‌ನಲ್ಲಿಯೇ ಇರುವುದು ಒಳ್ಳೆಯದು.

ಈಗ ನಿಜವಾಗಿ ಎಚ್ಚರ ಬೇಕಾದ ಭಾಗ. ಇನ್‌ಸ್ಟಾಲ್ ಮಾಡಲು ನಿಮಗೆ ಎರಡು ಸಾಧನ ಬೇಕು: ಐಎಸ್‌ಒ ಬರೆದಿರುವ ಪೆನ್‌ಡ್ರೈವ್ ಒಂದು, ವ್ಯವಸ್ಥೆ ನೆಲೆಸಬೇಕಾದ ಎಸ್‌ಎಸ್‌ಡಿ ಇನ್ನೊಂದು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹೊರಗಿನ ಎಸ್‌ಎಸ್‌ಡಿಯನ್ನು ಗುರಿಯಾಗಿ ಆರಿಸಿ ಮುಂದುವರಿದರೆ ಎಲ್ಲವೂ ಅದರಲ್ಲೇ ಕೂರುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ಆದರೆ ಉಬುಂಟು ಮತ್ತು ಮಿಂಟ್ ಬಹುಕಾಲ ಬಳಸಿಕೊಂಡು ಬಂದ ಇನ್‌ಸ್ಟಾಲರ್, ಯುಇಎಫ್‌ಐ (ಈಚಿನ ಕಂಪ್ಯೂಟರ್‌ಗಳನ್ನು ಏಳಿಸುವ ಒಳತಂತ್ರಾಂಶ) ಇರುವ ಯಂತ್ರಗಳಲ್ಲಿ, ಬೂಟ್‌ಲೋಡರನ್ನು (ವ್ಯವಸ್ಥೆಯನ್ನು ಏಳಿಸುವ ಸಣ್ಣ ಪ್ರೋಗ್ರಾಂ) ಹೊರಗಿನ ಡ್ರೈವ್‌ಗೆ ಹಾಕು ಎಂದು ನೀವು ಸೂಚಿಸಿದ್ದರೂ ಒಳಗಿನ ಡಿಸ್ಕ್‌ನಲ್ಲಿ ವಿಂಡೋಸ್ ಬಳಸುತ್ತಿರುವ, ಬೂಟ್ ಕಡತಗಳಿರುವ ಇಎಫ್‌ಐ ವಿಭಾಗಕ್ಕೇ ಅದನ್ನು ಬರೆದುಬಿಡುವ ದೋಷ ಹೊಂದಿದೆ. ಫಲವಾಗಿ ಆ ಡ್ರೈವ್ ಬೇರೆ ಯಾವ ಕಂಪ್ಯೂಟರ್‌ನಲ್ಲೂ ಏಳುವುದಿಲ್ಲ. ಡ್ರೈವ್ ಕಿತ್ತ ಮೇಲೆ ಮೊದಲಿನ ಕಂಪ್ಯೂಟರ್ ಕೂಡ ವಿಂಡೋಸ್‌ಗೆ ಹೋಗುವ ಬದಲು ಕಪ್ಪು ಪರದೆಯ ಮೇಲೆ ‘ಗ್ರಬ್’ (ಲಿನಕ್ಸ್‌ನ ಬೂಟ್‌ಲೋಡರ್ ಹೆಸರು) ಎಂದು ತೋರಿಸಿ ನಿಂತುಬಿಡಬಹುದು. ಮನೆ ಬದಲಾಯಿಸಿದವನು ಬೀಗದ ಕೈಯನ್ನು ಹಳೆಯ ಮನೆಯಲ್ಲೇ ಬಿಟ್ಟುಬಂದ ಹಾಗೆ ಇದು.

ಇದನ್ನು ತಪ್ಪಿಸಲು ಎಲ್ಲಕ್ಕಿಂತ ನೇರವಾದ ಉಪಾಯವೆಂದರೆ ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಒಳಗಿನ ಡಿಸ್ಕನ್ನು ಕಾಣದಂತೆ ಮಾಡುವುದು. ಡೆಸ್ಕ್‌ಟಾಪ್‌ನಲ್ಲಿ ಪಕ್ಕದ ಹಲಗೆ ಬಿಚ್ಚಿ ಸಾಟಾ ಕೇಬಲ್ ಕೀಳಿ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ಬೂಟ್ ಆಗುವ ಮುನ್ನ ತೆರೆಯುವ ಸೆಟ್ಟಿಂಗ್ ಪರದೆ) ಒಳಗಿನ ಡ್ರೈವನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯೇ ಇರುತ್ತದೆ. ಎರಡೂ ಸಾಧ್ಯವಿಲ್ಲದಿದ್ದರೆ, ಲೈವ್ ವ್ಯವಸ್ಥೆಯಲ್ಲಿ ಜಿಪಾರ್ಟೆಡ್ ಎಂಬ ಡಿಸ್ಕ್ ವಿಭಾಗಗಳ ಸಾಧನ ತೆರೆದು, ಒಳಗಿನ ಡಿಸ್ಕ್‌ನ ಇಎಫ್‌ಐ ವಿಭಾಗದ ಮೇಲೆ ಬಲ ಕ್ಲಿಕ್ ಮಾಡಿ, ‘ಮ್ಯಾನೇಜ್ ಫ್ಲ್ಯಾಗ್ಸ್’ನಲ್ಲಿ ‘ಬೂಟ್’ ಮತ್ತು ‘ಇಎಸ್‌ಪಿ’ ಗುರುತುಗಳನ್ನು ತೆಗೆದು, ಇನ್‌ಸ್ಟಾಲ್ ಮುಗಿದೊಡನೆ ಮರೆಯದೆ ಅವನ್ನು ಮತ್ತೆ ಹಾಕಿ.

ವಿಭಾಗಗಳನ್ನು ನೀವೇ ಮಾಡುವುದಾದರೆ, ಡಿಸ್ಕ್‌ನ ವಿಭಾಗಗಳನ್ನು ದಾಖಲಿಸುವ ಜಿಪಿಟಿ ಕೋಷ್ಟಕದ ಮೇಲೆ, 512 ಎಂಬಿಯ ಫ್ಯಾಟ್32 ಇಎಫ್‌ಐ ವಿಭಾಗ, ವ್ಯವಸ್ಥೆಗೆ 50–60 ಜಿಬಿಯ, ಲಿನಕ್ಸ್ ಬಳಸುವ ಎಕ್ಸ್ಟ್4 ಮಾದರಿಯ ವಿಭಾಗ, ಉಳಿದದ್ದು ವಿಂಡೋಸ್ ಯಂತ್ರಗಳೊಂದಿಗೆ ಕಡತ ಹಂಚಿಕೊಳ್ಳಲು ಎಕ್ಸ್‌ಫ್ಯಾಟ್ ವಿಭಾಗ, ಇಷ್ಟು ಸಾಕು. ಇಂಥ ಡ್ರೈವನ್ನು ವಿಂಡೋಸ್ ಚಾಲೂ ಇರುವಾಗ ಜೋಡಿಸಿದರೆ ಅದಕ್ಕೆ ಎಕ್ಸ್ಟ್4 ಅರ್ಥವಾಗದೆ, ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಎದುರಿಗೆ ಬರಬಹುದು. ಅಲ್ಲಿ ಒತ್ತಬೇಕಾದುದು ‘ಕ್ಯಾನ್ಸಲ್’. ಮನೆಯ ಉಳಿದವರಿಗೂ ಇದನ್ನು ಹೇಳಿಡಿ. ಬಸ್ಸಿನಲ್ಲಿ ಕಳೆದುಹೋದರೆ ಗತಿಯೇನು ಎಂಬ ಚಿಂತೆಯಿರುವವರು, ಒಳಗಿನ ಡಿಸ್ಕ್ ತೆಗೆದಿಟ್ಟ ಸ್ಥಿತಿಯಲ್ಲಿಯೇ, ಇಡೀ ಡಿಸ್ಕ್ ಅಳಿಸಿ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವುದು) ಸಮೇತ ಇನ್‌ಸ್ಟಾಲ್ ಮಾಡುವ ಸಿದ್ಧ ಆಯ್ಕೆಯನ್ನು ಒತ್ತುವುದು ಸುಲಭ. ಹಂಚಿಕೆಯ ವಿಭಾಗದ ಆಸೆ ಮಾತ್ರ ಬಿಡಬೇಕು.

ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿಯಿದೆ. ಪ್ರತಿ ಕಂಪ್ಯೂಟರ್‌ನ ಫರ್ಮ್‌ವೇರ್ (ಯುಇಎಫ್‌ಐನಂಥ ಒಳತಂತ್ರಾಂಶ) ತಾನು ಬೂಟ್ ಮಾಡಬೇಕಾದ ವ್ಯವಸ್ಥೆಗಳ ಪಟ್ಟಿಯನ್ನು ತನ್ನದೇ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ನಿಮ್ಮ ಡ್ರೈವ್ ಹೊಸ ಯಂತ್ರಕ್ಕೆ ಹೋದಾಗ ಆ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲವಾದ್ದರಿಂದ, ಫರ್ಮ್‌ವೇರ್ ಒಂದು ನಿಗದಿತ ಜಾಗವನ್ನು ಮಾತ್ರ ಹುಡುಕುತ್ತದೆ: ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಕಡತ. ಹೊರಗಿನ ಡ್ರೈವ್‌ನ ಇಎಫ್‌ಐ ವಿಭಾಗವನ್ನು ತೆರೆದು ಆ ಕಡತ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಗ್ರಬ್ ಇನ್‌ಸ್ಟಾಲ್ ಆಜ್ಞೆಯನ್ನು ‘ರಿಮೂವಬಲ್’ ಆಯ್ಕೆಯೊಂದಿಗೆ ಮತ್ತೊಮ್ಮೆ ನಡೆಸಿದರೆ ಅದು ಅಲ್ಲಿ ಬಂದು ಕೂರುತ್ತದೆ. ಬಳಿಕ, ಇನ್‌ಸ್ಟಾಲ್ ಮಾಡಿದ ಕಂಪ್ಯೂಟರ್ ಅಲ್ಲದ ಇನ್ನೊಂದರಲ್ಲಿ ಬೂಟ್ ಮಾಡಿ ನೋಡಿದ ಮೇಲೆಯೇ ಡ್ರೈವ್ ಸಿದ್ಧವಾಯಿತೆಂದು ನಂಬಿ.

ಬೇರೆ ಯಂತ್ರದಲ್ಲಿ ಬೂಟ್ ಮೆನು ತೆರೆಯಲು ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್ ಕೀಲಿಯನ್ನು ಸಾಮಾನ್ಯವಾಗಿ ಒತ್ತಬೇಕಾಗುತ್ತದೆ. ಸೆಕ್ಯೂರ್ ಬೂಟ್ ಅನ್ನು ನಿಷ್ಕ್ರಿಯಗೊಳಿಸಲು ಹೋಗಬೇಡಿ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ತಾನಾಗಿಯೇ ಚಾಲೂ ಇರುತ್ತದೆ. ಸೆಕ್ಯೂರ್ ಬೂಟ್ ಬದಲಾಯಿಸಿದರೆ ಮುಂದಿನ ಬಾರಿ ವಿಂಡೋಸ್ ಆ ಎನ್‌ಕ್ರಿಪ್ಶನ್ ಬಿಡಿಸುವ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ, ಅದು ಯಾವ ಮೈಕ್ರೋಸಾಫ್ಟ್ ಖಾತೆಯಲ್ಲಿದೆ ಎಂಬುದು ಯಜಮಾನರಿಗೇ ನೆನಪಿರುವುದಿಲ್ಲ. ಆದ್ದರಿಂದ ಕಾಲೇಜಿನ ಲ್ಯಾಬ್ ಆಗಲಿ, ಸೈಬರ್ ಸೆಂಟರ್ ಆಗಲಿ, ಚಿಕ್ಕಪ್ಪನ ಮನೆಯ ಲ್ಯಾಪ್‌ಟಾಪ್ ಆಗಲಿ, ಕೇಳಿಯೇ ಬೂಟ್ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಅದು ಪೂರ್ತಿ ಆರಿರುವುದಿಲ್ಲ. ಶಿಫ್ಟ್ ಕೀಲಿ ಹಿಡಿದು ಶಟ್‌ಡೌನ್ ಮಾಡಿ, ಆಮೇಲೂ ಅದರ ಡಿಸ್ಕ್ ನಿಮ್ಮ ಲಿನಕ್ಸ್‌ನಲ್ಲಿ ಕೇವಲ ಓದಲು ಮಾತ್ರ ತೆರೆದರೆ ಬಲವಂತ ಮಾಡದೆ ಬಿಟ್ಟುಬಿಡಿ.

ಇಲ್ಲಿಂದ ಮುಂದೆ ಸಣ್ಣಪುಟ್ಟ ಹೊಂದಾಣಿಕೆಗಳು. ಲಿನಕ್ಸ್ ಮದರ್‌ಬೋರ್ಡ್‌ನ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಸ್ಥಳೀಯ ಸಮಯದಲ್ಲಿ. ನೀವು ಕೆಲಸ ಮುಗಿಸಿ ಎದ್ದ ಮೇಲೆ, ಬೆಳಿಗ್ಗೆ ಹತ್ತಕ್ಕೆ ವಿಂಡೋಸ್ ತೆರೆದವರಿಗೆ ನಾಲ್ಕೂವರೆ ಕಾಣಿಸುತ್ತದೆ, ಬಿಲ್ಲುಗಳ ಸಮಯವೂ ಹಾಗೆಯೇ ಬೀಳುತ್ತದೆ. ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯದಲ್ಲೇ ಓದುವಂತೆ ನಿಮ್ಮ ಲಿನಕ್ಸ್‌ನಲ್ಲಿ ಸೂಚಿಸಿಬಿಟ್ಟರೆ ಈ ಜಗಳ ಇರುವುದಿಲ್ಲ. ಸಸ್ಪೆಂಡ್ ಮತ್ತು ಹೈಬರ್ನೇಟ್ ಎರಡನ್ನೂ ನಿಲ್ಲಿಸಿ, ಏಕೆಂದರೆ ಕೆಲವು ಯಂತ್ರಗಳು ನಿದ್ದೆಗೆ ಜಾರಿದಾಗ ಯುಎಸ್‌ಬಿ ಪೋರ್ಟ್‌ನ ವಿದ್ಯುತ್ತನ್ನೂ ಕಡಿದುಹಾಕಿ, ಎದ್ದಾಗ ವ್ಯವಸ್ಥೆ ತನ್ನ ಡಿಸ್ಕನ್ನೇ ಕಳೆದುಕೊಂಡಿರುತ್ತದೆ. ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಬೇಡಿ, ನಾಳೆ ಬೇರೆ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಅದು ತೊಡಕಾಗಬಹುದು.

ಕನ್ನಡ ಟೈಪಿಂಗಿಗೆ ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದರೆ ನುಡಿಯಲ್ಲಿ ಬೆರಳು ಪಳಗಿದವರು ಹಾಗೆಯೇ ಟೈಪ್ ಮಾಡಬಹುದು. ಗುಬ್ಬಿ, ನವಿಲು ಅಕ್ಷರವಿನ್ಯಾಸಗಳು ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲೇ ಸಿಗುತ್ತವೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಬರೆದ ಕಡತಗಳು ಮಾತ್ರ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದರಿಂದ ಅವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡೇ ಬಳಸಬೇಕು.

ಆಷಾಢದ ಮಳೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಕಡೆ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿಯಿರುವ ಲ್ಯಾಪ್‌ಟಾಪ್‌ಗೆ ಡ್ರೈವ್ ಜೋಡಿಸುವುದು ಲೇಸು. ಎಕ್ಸ್ಟ್4 ಜರ್ನಲ್ (ಬದಲಾವಣೆಗಳ ದಾಖಲೆ) ಇಡುವುದರಿಂದ ಒಂದೆರಡು ಸಲ ಕರೆಂಟು ಹೋದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಅರ್ಧ ಬರೆದ ಕಡತವನ್ನು ಜರ್ನಲ್ ತಂದುಕೊಡುವುದಿಲ್ಲ. ಸಡಿಲವಾದ ಕೇಬಲ್ ಇನ್ನೂ ಕೆಟ್ಟದ್ದು: ನಡೆಯುತ್ತಿರುವ ವ್ಯವಸ್ಥೆಯ ಡಿಸ್ಕ್ ಒಂದು ಕ್ಷಣ ಕಳಚಿದರೂ ಮತ್ತೆ ಸಿಕ್ಕಿಸಿ ಮುಂದುವರಿಯಲು ಬರುವುದಿಲ್ಲ, ಪವರ್ ಗುಂಡಿ ಒತ್ತಿ ಹಿಡಿದು ಆರಿಸಲೇಬೇಕು. ಕೇಸಿಂಗ್ ಜೊತೆ ಬಂದ ಕೇಬಲ್ ಅಲುಗಾಡಿದರೆ ತಡಮಾಡದೆ ಗಿಡ್ಡದೊಂದು ಹೊಸದನ್ನು ಕೊಳ್ಳಿ, ವಾರಕ್ಕೊಮ್ಮೆ ನಿಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ, ಹೊರಡುವಾಗ ಶಟ್‌ಡೌನ್ ಪೂರ್ತಿಯಾಗಿ ಕೇಸಿಂಗ್‌ನ ದೀಪ ಮಿನುಗುವುದು ನಿಂತ ಮೇಲಷ್ಟೇ ಡ್ರೈವ್ ಕೀಳಿ.