ಹೊಸಬರ ಗೆರೆ, ಪೆಟ್ಟಿಗೆ, ಹೆಂಚಿನ ಮಾಡು: ತಿದ್ದುವ ಕ್ರಮ

ಡ್ರಾಯಿಂಗ್ ಕಲಿಯಲು ಶುರುಮಾಡಿದವರು ಎರಡು ಪುಟ ಗೆರೆ, ಒಂದು ಪುಟ ದೀರ್ಘವೃತ್ತ, ಒಂದು ಪುಟ ಪೆಟ್ಟಿಗೆ ಬರೆದು ತಂದು ಮುಂದಿಟ್ಟರೆ ನಮ್ಮ ಕಣ್ಣು ಸೀದಾ ಪೆಟ್ಟಿಗೆಗೆ ಹೋಗುತ್ತದೆ. ಅದು ಸೊಟ್ಟಗಿದೆ ಎಂಬುದು ಯಾರಿಗೂ ಕಾಣುತ್ತದೆ, ಬರೆದವರಿಗಂತೂ ಮೊದಲೇ ಕಂಡಿರುತ್ತದೆ. ಅದನ್ನೇ ಇನ್ನೊಮ್ಮೆ ಹೇಳಿದರೆ ಅವರ ಕೈಗೆ ಏನೂ ಸಿಗುವುದಿಲ್ಲ. ಸೊಟ್ಟಗಾದದ್ದು ಕೈಯಿಂದಲೋ, ಕಣ್ಮಟ್ಟ (ನೋಡುವವರ ಕಣ್ಣಿನ ಎತ್ತರ) ತಪ್ಪಿದ್ದರಿಂದಲೋ, ಕಾಗದದಿಂದಲೋ ಎಂದು ಹಿಂದಕ್ಕೆ ಹುಡುಕುತ್ತ ಹೋಗಿ, ಎಲ್ಲಕ್ಕಿಂತ ಮೊದಲು ತಪ್ಪಿದ್ದನ್ನು ಹಿಡಿಯಬೇಕು. ಗೆರೆಯೇ ನಡುಗುತ್ತಿದ್ದರೆ ಪೆಟ್ಟಿಗೆಯ ಪುಟವನ್ನು ಆ ದಿನ ಮಗುಚಿಡಿ. ಗೆರೆ ಸರಿಹೋದ ಮೇಲೆ ಪೆಟ್ಟಿಗೆಯ ಅರ್ಧ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ನೋಡುವ ಮೊದಲು

ಎಲ್ಲರಿಂದಲೂ ಒಂದೇ ಸಾಮಾನಿನಲ್ಲಿ ಬರೆಸಿ: ಎ4 ಹಾಳೆ, 0.5 ಮಿ.ಮೀ. ತುದಿಯ ಕಪ್ಪು ಪೆನ್ನು. ಪೆನ್ಸಿಲ್, ರಬ್ಬರ್ ಬೇಡ. ಅಳಿಸಿದ ಗೆರೆಯಲ್ಲಿ ನಮಗೆ ಓದಲು ಏನೂ ಉಳಿದಿರುವುದಿಲ್ಲ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ತಯಾರಾದ ಮಕ್ಕಳಿಗೆ ಸ್ಕೇಲು, ರಬ್ಬರಿನ ಅಭ್ಯಾಸ ಗಟ್ಟಿಯಾಗಿರುತ್ತದೆ. ಅವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಎಚ್ಚರಿಕೆ ಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಹಾಳೆ ಥಂಡಿ ಹಿಡಿದು ಮೆತ್ತಗಾಗುತ್ತದೆ. ಶಾಯಿ ಎರಡೂ ಬದಿಗೆ ಹರಡಿ ಗೆರೆಯ ಅಂಚು ರೋಮ ಎದ್ದಂತೆ ಕಾಣುತ್ತದೆ. ಇದನ್ನು ನಡುಕ ಎಂದು ಓದಬೇಡಿ. ನಡುಕದಲ್ಲಿ ಗೆರೆಯ ದಾರಿಯೇ ಓಲಾಡುತ್ತದೆ, ಥಂಡಿಯಲ್ಲಿ ದಾರಿ ನೆಟ್ಟಗೇ ಇದ್ದು ಅಂಚು ಮಾತ್ರ ಕೆಟ್ಟಿರುತ್ತದೆ. ಹಾಳೆಗಳನ್ನು ಜಿಪ್ ಕವರಿನಲ್ಲೋ ಮುಚ್ಚಳ ಬಿಗಿಯಾದ ಡಬ್ಬದಲ್ಲೋ ಇಟ್ಟು, ಬೇಕಾದಾಗ ನಾಲ್ಕೈದನ್ನೇ ಹೊರತೆಗೆಯಲು ಹೇಳಿ.

ಪುಟದ ಬದಲು ಮೊಬೈಲ್ ಫೋಟೋ ಬಂದರೆ ಮೊದಲು ಹಾಳೆಯ ನಾಲ್ಕು ಅಂಚು ನೋಡಿ. ಮೇಲಂಚು ಕೆಳಂಚಿಗಿಂತ ಚಿಕ್ಕದಾಗಿ ಕಂಡರೆ ಫೋಟೋ ಓರೆಯಾಗಿ ತೆಗೆದದ್ದು. ಅದರಲ್ಲಿ ಪರ್ಸ್ಪೆಕ್ಟಿವ್ (ದೂರ ಹೋದಂತೆ ಚಿಕ್ಕದಾಗಿ ಕಾಣುವ ಲೆಕ್ಕ) ಪರೀಕ್ಷಿಸಿ ಪ್ರಯೋಜನವಿಲ್ಲ, ಏಕೆಂದರೆ ಕ್ಯಾಮೆರಾ ತನ್ನದೇ ಪರ್ಸ್ಪೆಕ್ಟಿವನ್ನು ಚಿತ್ರದ ಮೇಲೆ ಹೇರಿರುತ್ತದೆ. ಅಂಚು ಬಾಗಿದ್ದರೆ ಹಾಳೆ ಸುರುಳಿಯಾಗಿತ್ತು ಎಂದರ್ಥ. ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ, ನಾಲ್ಕು ಮೂಲೆಯೂ ಸೇರುವಂತೆ ಮತ್ತೆ ತೆಗೆಸಿ.

ಗೆರೆ ಹೇಳುವುದು

ಮೊದಲ ಅಭ್ಯಾಸ ಸ್ಕೇಲಿನಲ್ಲಿ ಎಳೆದ ಒಂದು ಗೆರೆಯ ಮೇಲೆ ಕೈಯಿಂದ ಎಂಟು ಸಲ ಎಳೆಯುವುದು. ಎಂಟೂ ಗೆರೆ ಶುರುವಿನಲ್ಲಿ ಒಂದೇ ಜಾಗದಿಂದ ಹೊರಟು ಕೊನೆಯಲ್ಲಿ ಪೊರಕೆಯಂತೆ ಕೆದರಿದ್ದರೆ ಚಿಂತೆ ಬೇಡ, ಅದು ವಾರಗಳಲ್ಲಿ ಕಡಿಮೆಯಾಗುತ್ತದೆ. ಎರಡೂ ತುದಿ ಕೆದರಿದ್ದರೆ ಪೆನ್ನನ್ನು ಶುರುವಿನ ಬಿಂದುವಿಗೆ ಸರಿಯಾಗಿ ಇಡದೆಯೇ ಎಳೆದಿದ್ದಾರೆ. ಇದು ಕೈಯ ದೋಷವಲ್ಲ, ಅವಸರ. ಹೇಳಿದ ದಿನವೇ ಸರಿಹೋಗುವ ತಪ್ಪು ಇದೊಂದೇ, ಆದ್ದರಿಂದ ತಪ್ಪದೆ ಹೇಳಿ.

ಎರಡನೆಯದು ಎರಡು ಬಿಂದು ಇಟ್ಟು, ಪೆನ್ನು ತಾಗಿಸದೆ ಗಾಳಿಯಲ್ಲೇ ನಾಲ್ಕೈದು ಸಲ ಆಚೀಚೆ ಓಡಿಸಿ, ಆಮೇಲೆ ಒಂದೇ ಸಲಕ್ಕೆ ಎಳೆಯುವುದು. ಇದಕ್ಕೆ ಗಾಳಿಗೆರೆ ಎನ್ನೋಣ. ಇಲ್ಲಿ ಅಂಕ ಕೊಡುವ ಕ್ರಮ ಹೀಗೆ: ಮೊದಲು ಓಟ, ಆಮೇಲೆ ನೇರ, ಕೊನೆಗೆ ಗುರಿ. ಗೆರೆ ನೆಟ್ಟಗೆ ಹೋಗಿ ಬಿಂದುವನ್ನು 4 ಮಿ.ಮೀ. ತಪ್ಪಿದ್ದರೆ ಅದು ಒಳ್ಳೆಯ ಗೆರೆ. ಬಿಂದುವಿಗೆ ಕರಾರುವಾಕ್ಕಾಗಿ ತಾಗಿ, ನಡುವೆ ಹುಳು ಹರಿದಂತಿದ್ದರೆ ಅದನ್ನು ಮತ್ತೆ ಎಳೆಯಬೇಕು. ಹೊಸಬರು ಇದನ್ನು ತಿರುವುಮುರುವಾಗಿ ತಿಳಿದಿರುತ್ತಾರೆ. ಬಿಂದು ತಪ್ಪೀತೆಂಬ ಭಯಕ್ಕೆ ಕಣ್ಣಲ್ಲಿ ನೋಡುತ್ತ ನಿಧಾನಕ್ಕೆ ದಾರಿ ತಿದ್ದುತ್ತಾರೆ, ಆ ತಿದ್ದುವಿಕೆಯೇ ನಡುಕ. ವೇಗ ಹೆಚ್ಚಿಸಿದರೆ ನಡುಕ ಹೋಗುತ್ತದೆ, ಗುರಿ ತಪ್ಪುತ್ತದೆ. ಹಾಗೆ ತಪ್ಪಿದರೂ ಪರವಾಗಿಲ್ಲ ಎಂದು ಬಾಯಿಬಿಟ್ಟು ಹೇಳಿದ ಹೊರತು ಅವರು ವೇಗ ಹೆಚ್ಚಿಸುವುದಿಲ್ಲ.

ಪುಟದ ತುಂಬ ಗೆರೆಗಳು ಒಂದೇ ಕಡೆಗೆ ಬಿಲ್ಲಿನಂತೆ ಬಾಗಿದ್ದರೆ ಕೈ ಯಾವುದೋ ಒಂದು ಕೀಲಿನ ಸುತ್ತ ತಿರುಗಿದೆ. ಲೆಕ್ಕ ಹಾಕಿ ನೋಡಿ: ಮೊಣಕೈಯಿಂದ ಪೆನ್ನಿನ ತುದಿಗೆ 40 ಸೆಂ.ಮೀ. ಇದ್ದು, ಮೊಣಕೈಯನ್ನು ಮೇಜಿಗೆ ಊರಿ 15 ಸೆಂ.ಮೀ. ಗೆರೆ ಎಳೆದರೆ ನಡುವೆ 7 ಮಿ.ಮೀ. ಉಬ್ಬುತ್ತದೆ. ಮಣಿಕಟ್ಟನ್ನೇ ಊರಿದರೆ, ಅಲ್ಲಿಂದ ತುದಿಗೆ 15 ಸೆಂ.ಮೀ. ಎಂದಿಟ್ಟುಕೊಂಡರೂ, 10 ಸೆಂ.ಮೀ. ಗೆರೆಗೇ 8 ಮಿ.ಮೀ.ಗಿಂತ ಹೆಚ್ಚು ಉಬ್ಬು. ಬಿಲ್ಲಿನ ಒಳಬದಿ ಯಾವ ಕಡೆಗಿದೆಯೋ ಊರಿದ ಕೀಲು ಆ ಕಡೆ ಇತ್ತು. ಕುಳಿತು ಬರೆದದ್ದನ್ನು ನಾವು ನೋಡದಿದ್ದರೂ ಪುಟವೇ ಇದನ್ನು ಹೇಳಿಬಿಡುತ್ತದೆ. ಮದ್ದು ಭುಜದಿಂದ ಎಳೆಯುವುದು. ಮೊಣಕೈ ಮೇಜಿನಿಂದ ಎದ್ದರೆ ಅದು ಬಿಚ್ಚುತ್ತ ಮಡಚುತ್ತ ಗೆರೆಯನ್ನು ನೇರ ಇಡುತ್ತದೆ. ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುವವರಿಗೆ ಇದು ಆಗುವುದೇ ಇಲ್ಲ, ಮೇಜು ಅಥವಾ ಎತ್ತರದ ಮಣೆ ಬೇಕು.

ಉಳಿದದ್ದು ಚುಟುಕಾಗಿ. ಶುರುವಿನಲ್ಲಿ ಶಾಯಿಯ ಬೊಟ್ಟು ಇದ್ದರೆ ಪೆನ್ನು ಊರಿ ಯೋಚಿಸುತ್ತ ಕೂತಿದ್ದಾರೆ. ಕೊನೆಯಲ್ಲಿ ಕೊಕ್ಕೆ ಇದ್ದರೆ ಕೈಯನ್ನು ತಡೆದು ನಿಲ್ಲಿಸಿದ್ದಾರೆ, ತಡೆಯುವ ಬದಲು ಪೆನ್ನು ಮೇಲೆತ್ತಲು ಹೇಳಿ. ಪ್ರತಿ ಗೆರೆಯೂ ಒಂದೇ ಜಾಗದಲ್ಲಿ ಕುಲುಕಿದ್ದರೆ ಹಾಳೆಯ ಕೆಳಗಿನ ಹಲಗೆಯ ಎಳೆ ತಾಗಿದೆ, ಅಡಿಗೆ ನಾಲ್ಕು ಹಾಳೆ ಹಾಕಿದರೆ ಮುಗಿಯಿತು.

ಸಾಗರ, ಸೊರಬದ ದೀವರ ಸಮುದಾಯದ ಮನೆಗೋಡೆಗಳ ಹಸೆ ಚಿತ್ತಾರ ನೋಡಿದವರಿಗೆ ಒಂದೇ ದಪ್ಪದ ಉದ್ದನೆಯ ಗೆರೆ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಪುಂಡಿ ನಾರಿನ ಕುಂಚ, ಅಕ್ಕಿಯ ಬಿಳಿ, ಕೆಮ್ಮಣ್ಣಿನ ನೆಲ. ಮನೆಯಲ್ಲಿ ಚಿತ್ತಾರ ಕಲಿತು ಬಂದವರ ಗೆರೆ ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಆದರೆ ಅವರ ಪೆಟ್ಟಿಗೆಯ ಬದಿಗಳು ದೂರ ಹೋದರೂ ಸಮಾನಾಂತರವಾಗಿಯೇ ಉಳಿಯುತ್ತವೆ. ಅದನ್ನು ತಪ್ಪೆಂದು ಕೆಂಪು ಹಾಕಬೇಡಿ. ಅದು ಬೇರೆ ಕಟ್ಟಳೆ, ಅಲ್ಲಿ ಅದೇ ಸರಿ. ಈ ಅಭ್ಯಾಸದ ಕಟ್ಟಳೆ ಬೇರೆ ಎಂದಷ್ಟೇ ಹೇಳಿ.

ದೀರ್ಘವೃತ್ತ

ಒಂದೊಂದನ್ನೂ ನಿಲ್ಲಿಸದೆ ಎರಡು ಸುತ್ತು ಬರೆಸಿ. ಒಂದೇ ಸುತ್ತಾದರೆ ಕೈ ಹಿಂಜರಿಯುತ್ತದೆ, ನಾಲ್ಕಾದರೆ ಆಕಾರ ಉಣ್ಣೆಯ ಉಂಡೆಯಾಗುತ್ತದೆ. ತುದಿಗಳು ಬಾಳೆ ಎಲೆಯ ಕುಡಿಯಂತೆ ಚೂಪಾಗಿದ್ದರೆ ಅಲ್ಲಿ ಕೈ ನಿಂತು ತಿರುಗಿದೆ. ಆಮೇಲೆ ಲೋಟ ಬರೆಸಿ. ಮೇಜಿನ ಮೇಲಿನ ಲೋಟಕ್ಕೆ ಬಾಯಿ ದುಂಡಗೆ ಬರೆದು ತಳಕ್ಕೆ ಅಡ್ಡಗೆರೆ ಎಳೆಯುವುದು ಹತ್ತರಲ್ಲಿ ಎಂಟು ಜನ ಮಾಡುವ ತಪ್ಪು ಎಂದರೂ ತಪ್ಪಾಗಲಾರದು. ಮೇಜು ಸಪಾಟಾಗಿದೆ ಎಂದು ಬುದ್ಧಿ ಹೇಳುತ್ತದೆ, ಕೈ ಅದನ್ನೇ ಬರೆಯುತ್ತದೆ. ಬಾಯಿ ಕಣ್ಮಟ್ಟಕ್ಕೆ ಹತ್ತಿರ, ತಳ ದೂರ, ಹಾಗಾಗಿ ತಳದ ಬಳುಕು ಬಾಯಿಗಿಂತ ಹೆಚ್ಚಿರಬೇಕು.

ಕಣ್ಮಟ್ಟ ಎಲ್ಲಿದೆ

ಮಲೆನಾಡಿನ ಕಲಿಕೆಗಾರರು ಇಲ್ಲಿ ಎಡವುತ್ತಾರೆ, ತಿದ್ದುವವರೂ ಎಡವುತ್ತಾರೆ. ಪರ್ಸ್ಪೆಕ್ಟಿವ್‌ನಲ್ಲಿ ನೆಲಕ್ಕೆ ಸಮಮಟ್ಟವಾದ ಸಮಾನಾಂತರ ಗೆರೆಗಳು ಹೋಗಿ ಸೇರುವ ಬಿಂದು, ಅಂದರೆ ವ್ಯಾನಿಶಿಂಗ್ ಪಾಯಿಂಟ್, ಕಣ್ಮಟ್ಟದ ಗೆರೆಯ ಮೇಲಿರುತ್ತದೆ. ಪಾಠದಲ್ಲಿ ಇದನ್ನು ದಿಗಂತ ಎಂದು ಹೇಳುತ್ತಾರೆ. ನಮ್ಮ ಕಡೆ ದಿಗಂತ ಎಂದರೆ ಕಣ್ಣಿಗೆ ಬೀಳುವುದು ಗುಡ್ಡದ ನೆತ್ತಿ. ಅದನ್ನೇ ದಿಗಂತವೆಂದು ಹಿಡಿದು ಮನೆಯ ಗೆರೆಗಳನ್ನೆಲ್ಲ ಅಲ್ಲಿಗೆ ಎಳೆದರೆ ಮನೆ ಹಿಂದಕ್ಕೆ ವಾಲಿದಂತಾಗುತ್ತದೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ, ಮೋಡವಿಲ್ಲದ ಸಂಜೆ ಅರಬ್ಬಿ ಸಮುದ್ರ ಕಂಡರೆ, ಆ ನೀರಿನ ಗೆರೆ ನಿಜವಾದ ದಿಗಂತ. ಉಳಿದೆಡೆ ಅದನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕಲು ಗಾಜಿನ ಲೋಟದಲ್ಲಿ ಅರ್ಧ ನೀರು ಸಾಕು. ಲೋಟವನ್ನು ಕಣ್ಣಿನ ಮುಂದೆ ನಿಧಾನವಾಗಿ ಏರಿಸುತ್ತ ಹೋದರೆ ನೀರಿನ ಮೇಲ್ಮೈ ತೆಳ್ಳಗಾಗುತ್ತ ಒಂದು ಹಂತದಲ್ಲಿ ಬರೀ ಗೆರೆಯಾಗುತ್ತದೆ. ಆ ಗೆರೆಯ ಹಿಂದೆ ಎದುರಿನ ಮನೆಯಲ್ಲಿ ಏನಿದೆ, ಕಿಟಕಿಯ ಸರಳೋ ಬಾಗಿಲ ಚಿಲಕವೋ, ಅದೇ ಕಣ್ಮಟ್ಟ. ಪುಟದಲ್ಲಿ ಈ ಗೆರೆ ಇಲ್ಲದಿದ್ದರೆ ಪರ್ಸ್ಪೆಕ್ಟಿವ್ ಬಗ್ಗೆ ಏನೂ ಹೇಳಬೇಡಿ, ಗೆರೆ ಹಾಕಿಸಿಕೊಂಡು ಬನ್ನಿ ಎನ್ನಿ.

ಇಳಿಜಾರಿನದು ಇನ್ನೊಂದು ತಕರಾರು. ಗುಡ್ಡದ ಬದಿಯ ಮನೆಯ ಪಂಚಾಂಗ (ಅಡಿಪಾಯದ ಕಟ್ಟೆ), ಕಿಟಕಿ, ಸೂರು ಎಲ್ಲ ಮಟ್ಟಸವಾಗಿರುತ್ತವೆ, ಅವು ಕಣ್ಮಟ್ಟಕ್ಕೆ ಹೋಗುತ್ತವೆ. ಮುಂದಿನ ದಾರಿ ಮಟ್ಟಸವಲ್ಲ. ನಮ್ಮಿಂದ ಮುಂದಕ್ಕೆ ಏರುವ ದಾರಿಯ ಎರಡು ಅಂಚು ಕಣ್ಮಟ್ಟದ ಮೇಲೆ, ಇಳಿಯುವ ದಾರಿಯ ಅಂಚು ಕಣ್ಮಟ್ಟದ ಕೆಳಗೆ ಸೇರುತ್ತವೆ. ದಾರಿ ಮನೆಯೊಂದಿಗೆ ಒಂದೇ ಬಿಂದುವಿಗೆ ಹೋಗದಿರುವುದನ್ನು ಕಂಡು ತಪ್ಪೆಂದು ಗೀಚುವ ಮೊದಲು ದಾರಿ ಏರಿತ್ತೇ, ಇಳಿದಿತ್ತೇ ಎಂದು ಕೇಳಿ.

ಕೆಂಪು ಗೆರೆಯ ಪರೀಕ್ಷೆ

ಪೆಟ್ಟಿಗೆಯ ಪುಟದ ಮೇಲೆ ನೇರವಾಗಿ ಬರೆಯಬೇಡಿ. ಬಟರ್ ಪೇಪರ್ ಹಾಸಿ, ಸ್ಕೇಲು ಹಿಡಿದು, ಪ್ರತಿ ಬದಿಯನ್ನೂ ನೋಡುವವರಿಂದ ದೂರ ಹೋಗುವ ದಿಕ್ಕಿಗೆ ಕೆಂಪಿನಲ್ಲಿ ಉದ್ದ ಮಾಡಿ. ಇಲ್ಲಿ ಸ್ಕೇಲು ಪರೀಕ್ಷೆಗೆ ಮಾತ್ರ. ಕೆಂಪು ಗೆರೆಗಳು ದೂರ ಹೋದಂತೆ ಹತ್ತಿರವಾಗಬೇಕು. ಅಗಲವಾಗುತ್ತ ಹೋದರೆ ದೊಡ್ಡ ತಪ್ಪು, ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ದೊಡ್ಡದಾಗಿದೆ. ಒಂದೇ ದಿಕ್ಕಿನ ನಾಲ್ಕು ಗೆರೆ ಒಂದೇ ಕಡೆ ಸೇರುವ ಬದಲು ಎರಡೆರಡಾಗಿ ಜೋಡಿ ಸೇರಿದ್ದರೆ ಬರೆಯುವಾಗ ಪಕ್ಕದ ಗೆರೆಯನ್ನಷ್ಟೇ ನೋಡಿದ್ದಾರೆ. ನಾಲ್ಕನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯಲು ಹೇಳಿ. ಹಿಂದಿನ, ಕಾಣದ ಮೂಲೆಯನ್ನೂ ಬರೆಸಿ, ಸಣ್ಣಪುಟ್ಟ ತಪ್ಪೆಲ್ಲ ಅಲ್ಲಿ ಬಂದು ಗುಂಪುಗೂಡುತ್ತದೆ.

ಎಷ್ಟು ತಪ್ಪಿದರೆ ತಪ್ಪು? 2 ಸೆಂ.ಮೀ. ಉದ್ದದ ಬದಿಯಲ್ಲಿ ಕೈ 1 ಮಿ.ಮೀ. ಜಾರಿದರೆ, 20 ಸೆಂ.ಮೀ. ದೂರದ ಬಿಂದುವಿನ ಹತ್ತಿರ ಕೆಂಪು ಗೆರೆ 1 ಸೆಂ.ಮೀ. ಆಚೆ ಬೀಳುತ್ತದೆ. ಆದ್ದರಿಂದ ಚಿಕ್ಕ ಪೆಟ್ಟಿಗೆಯ ಕೆಂಪು ಗೆರೆ ಸ್ವಲ್ಪ ಆಚೀಚೆ ಬಿದ್ದರೆ ಏನೂ ಹೇಳಬೇಕಿಲ್ಲ. ಈ ಲೆಕ್ಕವನ್ನು ಕಲಿಯುವವರಿಗೂ ತೋರಿಸಿ, ಕೆಂಪು ಕಂಡು ಕುಗ್ಗುವುದು ಕಡಿಮೆಯಾಗುತ್ತದೆ.

ಎರಡು ವ್ಯಾನಿಶಿಂಗ್ ಪಾಯಿಂಟ್ ಇರುವ ಚಿತ್ರದಲ್ಲಿ ಎಲ್ಲ ಗೆರೆ ಸರಿಯಾಗಿ ಸೇರಿಯೂ ಪೆಟ್ಟಿಗೆ ಹಡಗಿನ ಮೂತಿಯಂತೆ ಚಾಚಿದ್ದರೆ ಎರಡು ಬಿಂದುಗಳು ತೀರ ಹತ್ತಿರವಿವೆ. ಎರಡೂ ಬಿಂದುಗಳ ನಡುವಿನ ಅಂತರವನ್ನೇ ವ್ಯಾಸ ಮಾಡಿ ದಾರದಿಂದ ವೃತ್ತ ಎಳೆಯಿರಿ. ನಮಗೆ ಹತ್ತಿರದ ಮೂಲೆ ಆ ವೃತ್ತದ ಹೊರಗೆ ಬಿದ್ದರೆ ಅಲ್ಲಿಯ ಕೋನ 90 ಡಿಗ್ರಿಗಿಂತ ಚೂಪಾಗುತ್ತದೆ, ಚೌಕ ಪೆಟ್ಟಿಗೆ ಹಾಗೆ ಕಂಡರೆ ಕಣ್ಣು ಒಪ್ಪುವುದಿಲ್ಲ. ಎ4 ಹಾಳೆಯ ಎರಡೂ ಬದಿಗೆ ಹಳೆ ಕ್ಯಾಲೆಂಡರಿನ ಹಾಳೆ ಅಂಟಿಸಿ ಬಿಂದುಗಳನ್ನು 60 ಸೆಂ.ಮೀ. ದೂರಕ್ಕೆ ಒಯ್ದರೆ, ಅಡ್ಡಲಾಗಿಟ್ಟ ಪುಟ ಇಡೀ ವೃತ್ತದ ಒಳಗೇ ಕೂರುತ್ತದೆ.

ಹೆಂಚಿನ ಮಾಡು, ತೋಟದ ಸಾಲು

ಪೆಟ್ಟಿಗೆ ಬಂದ ಕೂಡಲೇ ಎಲ್ಲರೂ ಮನೆಗೆ ಕೈಹಾಕುತ್ತಾರೆ. ಇಲ್ಲಿಯ ಮಾಡು ಕಡಿದಾದದ್ದು, ತಪ್ಪೂ ಎದ್ದು ಕಾಣುತ್ತದೆ. ಮೊದಲು ತ್ರಿಕೋನದ ಗೋಡೆಯ ನೆತ್ತಿ ನೋಡಿ. ಗೋಡೆಯ ಅಗಲವನ್ನು ಸ್ಕೇಲಿನಲ್ಲಿ ಅಳೆದು ಸರೀ ನಡುವೆ ನೆತ್ತಿ ಇಟ್ಟಿದ್ದರೆ ಮಾಡು ಒಂದು ಕಡೆ ಜಾರಿದಂತೆ ಕಾಣುತ್ತದೆ. ತ್ರಿಕೋನದ ಕೆಳಗಿನ ಚೌಕ ಗೋಡೆಗೆ ಎರಡು ಕರ್ಣ ಹಾಕಿಸಿ, ಅವು ಕತ್ತರಿಸಿದಲ್ಲಿಂದ ಲಂಬ ಎಬ್ಬಿಸಿದರೆ ನೆತ್ತಿಯ ಸರಿಯಾದ ಜಾಗ. ಹತ್ತಿರದ ಅರ್ಧ ಅಗಲ, ದೂರದ ಅರ್ಧ ಕಿರಿದು ಎಂಬುದು ಆಗ ತಾನೇ ತಿಳಿಯುತ್ತದೆ. ಆಮೇಲೆ ಇಳಿಜಾರಿನ ಅಂಚು. ಮನೆಯ ಈ ತುದಿ ಆ ತುದಿಯ ಓರೆ ಅಂಚುಗಳು, ನಡುವಿನ ಪಕಾಸುಗಳು (ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳು) ಸಮಾನಾಂತರ, ಅವೂ ಒಂದು ಬಿಂದುವಿಗೆ ಹೋಗುತ್ತವೆ. ಆ ಬಿಂದು ತ್ರಿಕೋನದ ಗೋಡೆಯ ವ್ಯಾನಿಶಿಂಗ್ ಪಾಯಿಂಟಿನ ನೇರ ಮೇಲೋ ಕೆಳಗೋ ಇರುತ್ತದೆ: ದೂರ ಹೋಗುತ್ತ ಏರುವ ಅಂಚಿಗೆ ಮೇಲೆ, ಇಳಿಯುವ ಅಂಚಿಗೆ ಕೆಳಗೆ. ನೆತ್ತಿಯ ಗೆರೆ, ಸೂರು, ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಮಾತ್ರ ಪಕ್ಕದ ಗೋಡೆಯ ಜೊತೆಗೆ ಕಣ್ಮಟ್ಟಕ್ಕೆ ಹೋಗಬೇಕು.

ಸಾಲಿನ ಅಂತರ ತಿದ್ದಲು ಅಡಿಕೆ ತೋಟ ಹೇಳಿ ಮಾಡಿಸಿದಂತಿದೆ. ಮರಗಳ ನಡುವೆ ಸುಮಾರು 9 ಅಡಿ, ಆದರೆ ಚಿತ್ರದಲ್ಲಿ ಅದೇ ಅಂತರ ದೂರ ಹೋದಂತೆ ಕುಗ್ಗಬೇಕು. ಹೊಸಬರು ಎಲ್ಲ ಮರವನ್ನೂ ಸಮದೂರಕ್ಕೆ ನೆಡುತ್ತಾರೆ, ಮರ ಗಿಡ್ಡವಾಗುತ್ತದೆ, ಅಂತರ ಹಾಗೇ ಉಳಿಯುತ್ತದೆ. ಮರಗಳ ಎತ್ತರ ಒಂದೇ ಇರುವುದಿಲ್ಲವಾದ್ದರಿಂದ ಪ್ರತಿ ಕಾಂಡದಲ್ಲೂ ನೆಲದಿಂದ ಆಳೆತ್ತರದ ಗುರುತು ಹಿಡಿಯಿರಿ. ಗುರುತುಗಳ ಗೆರೆ, ಬುಡಗಳ ಗೆರೆ ಎರಡನ್ನೂ ಬಿಂದುವಿಗೆ ಎಳೆದು, ಮೊದಲ ಮರದ ಗುರುತಿನಿಂದ ಎರಡನೆಯದರ ಗುರುತಿನ ಅರ್ಧ ಎತ್ತರದ ಮೂಲಕ ಓರೆ ಗೆರೆ ಹಾಕಿದರೆ ಅದು ಬುಡದ ಗೆರೆಗೆ ತಾಗುವಲ್ಲಿ ಮೂರನೆಯ ಮರ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದೊಳಗಿನ ಕಂಬಗಳ ಸಾಲಿಗೂ ಇದೇ ಲೆಕ್ಕ.

ಬರೆದು ಕೊಡುವಾಗ

ಒಂದು ಸಲಕ್ಕೆ ಮೂರು ಮಾತು, ಅದಕ್ಕಿಂತ ಹೆಚ್ಚು ಬೇಡ: ಉಳಿಸಿಕೊಳ್ಳಬೇಕಾದ್ದು ಒಂದು, ತಿದ್ದಬೇಕಾದ್ದು ಒಂದು, ಮತ್ತೆ ಬರೆಯಬೇಕಾದ್ದು ಲೆಕ್ಕದೊಂದಿಗೆ. ‘ಚೆನ್ನಾಗಿದೆ, ಇನ್ನೂ ಪ್ರಾಕ್ಟೀಸ್ ಮಾಡಿ’ ಎಂಬುದು ಪುಟ ನೋಡದೆಯೂ ಹೇಳಬಹುದಾದ ಮಾತು. ಅದರ ಬದಲು ಹೀಗೆ: ‘ಪುಟ 2ರಲ್ಲಿ ಉದ್ದ ಗೆರೆಗಳ ಓಟ ಸರಿಯಿದೆ, ಹಾಗೇ ಇರಲಿ. 10 ಸೆಂ.ಮೀ. ಮೀರಿದವು ಮೇಲಕ್ಕೆ ಬಾಗಿವೆ, ಮೊಣಕೈ ಮೇಜಿನ ಮೇಲಿದೆ. ಮೊಣಕೈ ಎತ್ತಿ ಅರ್ಧ ಪುಟ ಗಾಳಿಗೆರೆ, ಆಮೇಲೆ 2 ಪೆಟ್ಟಿಗೆ. ಇಡೀ ಪುಟ ಬೇಡ.’

ಅರ್ಧ ಪುಟ ಎಂದದ್ದು ಬೇಕೆಂದೇ. ಹತ್ತು ಪುಟ ಮತ್ತೆ ಬರೆಯಲು ಹೇಳಿದರೆ ಎರಡನೆಯ ಪುಟದಿಂದ ಹಳೆ ತಪ್ಪೇ ವೇಗವಾಗಿ ಬರತೊಡಗುತ್ತದೆ. ತಿದ್ದಿದ ಅರ್ಧ ಪುಟವನ್ನು ಹಳೆಯದರ ಪಕ್ಕದಲ್ಲಿಟ್ಟು, ಹೇಳಿದ ಆ ಒಂದು ತಪ್ಪು ಮಾತ್ರ ಕಡಿಮೆಯಾಗಿದೆಯೇ ನೋಡಿ. ಕಡಿಮೆಯಾಗಿದ್ದರೆ, ಬೇರೆ ಎಷ್ಟೇ ಕೊರತೆ ಕಂಡರೂ, ಮುಂದಿನ ಅಭ್ಯಾಸಕ್ಕೆ ಕಳಿಸಿ. ಎರಡೂ ಹಾಳೆಯ ಮೂಲೆಯಲ್ಲಿ ದಿನಾಂಕ ಬರೆಸಲು ಮರೆಯಬೇಡಿ.